ಸಾವಿರ ಮೀನುಮರಿ ಮತ್ತು ಒಂದು ತಪ್ಪಿದ ಲೆಕ್ಕ

ನಮ್ಮ ಹಾಸ್ಟೆಲ್ ಗ್ಯಾಂಗಿನಲ್ಲಿ ನಾಲ್ಕು ಜನ. ಇಬ್ಬರು ಮೆಕ್ಯಾನಿಕಲ್, ಒಬ್ಬ ಸಿವಿಲ್, ಒಬ್ಬ ಕಂಪ್ಯೂಟರ್ ಸೈನ್ಸ್. ಮೀನಿನ ಬಗ್ಗೆ ನಮಗೆ ಗೊತ್ತಿದ್ದದ್ದು ಭಾನುವಾರದ ಫ್ರೈ ಒಂದೇ. ಆದರೂ ಕಳೆದ ಆಗಸ್ಟ್‌ನಲ್ಲಿ ಸಾವಿರ ಮೀನುಮರಿ ಸಾಕೋಕೆ ಹೊರಟ್ವಿ. ನವೆಂಬರ್ ಕೊನೆಯಲ್ಲಿ ಅದರಲ್ಲಿ ಆರುನೂರಕ್ಕೂ ಹೆಚ್ಚು ಮೀನು ಒಂದೇ ಬೆಳಗ್ಗೆ ಸತ್ತುಹೋದವು. ಏನು ಮಾಡಿದ್ವಿ, ಯಾಕೆ ಹಾಗಾಯ್ತು, ಹೇಗೆ ಮಾಡಬೇಕಿತ್ತು ಅನ್ನೋದನ್ನ ಬರೆದಿಡೋಣ ಅಂತ ಈ ಲೇಖನ. ನಮ್ಮ ಕ್ಯಾಂಪಸ್‌ನಲ್ಲಿ ಊರಲ್ಲಿ ಕೃಷಿ ಹೊಂಡ ಇರೋರು ತುಂಬಾ ಜನ ಇದ್ದೀರಿ. ನೀವು ನಮ್ಮ ಹಾಗೆ ಕಲಿಯೋದು ಬೇಡ.

ಹೊಂಡ ಇರೋದು ಶಿರಾ ತಾಲೂಕಿನಲ್ಲಿ, ನಮ್ಮ ಸಿವಿಲ್ ಗೆಳೆಯನ ಮನೆಯವರ ಜಮೀನಲ್ಲಿ. 2014ರಲ್ಲಿ ರಾಜ್ಯದಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಒಣಭೂಮಿ ಜಿಲ್ಲೆಗಳಲ್ಲಿ ತೋಡಿದ ಲೆಕ್ಕವಿಲ್ಲದಷ್ಟು ಹೊಂಡಗಳಲ್ಲಿ ಇದೂ ಒಂದು. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ, ಒಳಗೆ ಕಪ್ಪು ಪ್ಲಾಸ್ಟಿಕ್ ಹಾಳೆ. ಮಳೆ ನೀರು ಹಿಡಿದಿಟ್ಟು, ಕಡಲೆಕಾಯಿ ಒಣಗೋ ಹೊತ್ತಿಗೆ ಒಂದೆರಡು ಸಲ ನೀರು ಹಾಯಿಸೋದು ಅದರ ಕೆಲಸ. ಹಬ್ಬಕ್ಕೆ ಅಂತ ಹೋಗಿದ್ದಾಗ ತುಂಬಿದ ಹೊಂಡ ನೋಡಿ ನಮಗೆ ಐಡಿಯಾ ಬಂತು. ನೀರು ಸುಮ್ನೆ ನಿಂತಿದೆಯಲ್ಲ, ಮೀನು ಬಿಟ್ಟರೆ?

ರಾತ್ರಿ ಕೂತು ಎಕ್ಸೆಲ್ ಶೀಟ್ ಮಾಡಿದ್ವಿ. ಸಾವಿರ ಮರಿ, ಒಂದೊಂದೂ ಒಂದು ಕೆಜಿ, ಕೆಜಿಗೆ ನೂರು ರೂಪಾಯಿ ಅಂದ್ರೂ ಒಂದು ಲಕ್ಷ. ಗೆಳೆಯನ ಅಪ್ಪ ಶೀಟ್ ನೋಡಲಿಲ್ಲ, ನಮ್ಮ ಮುಖ ನೋಡಿದರು. "ಏನ್ರಪ್ಪಾ ಇಂಜಿನಿಯರ್‌ಗಳೇ, ಮೀನು ನಿಮ್ ಕಂಪ್ಯೂಟರ್ ಮಾತು ಕೇಳ್ತವಾ?" ಅಂತ ನಕ್ಕು, ಕಡಲೆಕಾಯಿ ಮಾರಿದ ದುಡ್ಡಿಂದ ಮರಿಗೆ, ಮೇವಿಗೆ ಕೊಟ್ಟರು. ಮರಿ ಕೇಳೋಕೆ ಹೋದಾಗ ಮೀನುಗಾರಿಕೆ ಇಲಾಖೆಯವರು, "ಆ ಸೈಜಿನ ಹೊಂಡಕ್ಕೆ ಇನ್ನೂರು ಇನ್ನೂರೈವತ್ತು ಸಾಕು" ಅಂದಿದ್ದರು. ನಮಗೆ ಅದು ತೀರಾ ಹಳೇ ಕಾಲದ ಲೆಕ್ಕ ಅನ್ನಿಸಿತು.

ಇನ್ನೂರಿಪ್ಪತ್ತು ಎಲ್ಲಿಂದ ಬಂತು?

ಇಲಾಖೆಯವರ ಲೆಕ್ಕ ಬಹಳ ಸರಳ. ಗಾಳಿ ಯಂತ್ರ ಇಲ್ಲದ ಹೊಂಡದಲ್ಲಿ ಗೆಂಡೆ ಜಾತಿಯ ಮೀನಿಗೆ ಹೆಕ್ಟೇರಿಗೆ ಸುಮಾರು 5,000 ಬಲಿತ ಮರಿ ಅನ್ನೋದು ದೇಶದಲ್ಲೆಲ್ಲಾ ಬಳಸೋ ಲೆಕ್ಕ. ಹೆಕ್ಟೇರ್ ಅಂದ್ರೆ 10,000 ಚದರ ಮೀಟರ್. ನಮ್ಮ ಹೊಂಡ 21 ಗುಣಿಸು 21, ಅಂದ್ರೆ 441 ಚದರ ಮೀಟರ್. ಭಾಗಿಸಿದರೆ 220 ಮರಿ.

ಇಲ್ಲಿ ಒಂದು ವಿಷಯ ಗಮನಿಸಿ. ಲೆಕ್ಕ ನೀರಿನ ಮೇಲ್ಮೈ ಮೇಲೆ ನಿಂತಿದೆ, ಆಳದ ಮೇಲಲ್ಲ. ನಾವು ಆಳ ಜಾಸ್ತಿ ಇದೆ, ನೀರು ಜಾಸ್ತಿ ಇದೆ, ಹಾಗಾಗಿ ಮೀನೂ ಜಾಸ್ತಿ ಹಿಡಿಸುತ್ತೆ ಅಂದ್ಕೊಂಡಿದ್ವಿ. ಆದರೆ ಬಿಸಿಲು ಬೀಳೋದು ಮೇಲ್ಮೈಗೆ, ಗಾಳಿ ತಾಗೋದೂ ಮೇಲ್ಮೈಗೆ. ಹೊಂಡದ ಊಟ ಮತ್ತು ಉಸಿರು ಎರಡೂ ಮೇಲಿಂದಾನೇ ಬರೋದು. ಮೂರು ಮೀಟರ್ ಆಳದಲ್ಲಿ ನೀರಿದೆ ಅಷ್ಟೆ, ಅಲ್ಲಿ ಬೆಳಕೂ ಇಲ್ಲ, ಹೆಚ್ಚು ಉಸಿರೂ ಇಲ್ಲ.

ಮೂರು ಮಹಡಿ ಮನೆ

ಯಾವ ಮೀನು ಅನ್ನೋದು ಮುಂದಿನ ಪ್ರಶ್ನೆ. ನಮ್ಮ ಕಡೆ ಹೊಂಡಕ್ಕೆ ಹೆಚ್ಚಾಗಿ ಬಿಡೋದು ಕಾಟ್ಲಾ, ರೋಹು, ಮೃಗಾಲ್. ಮೂರನ್ನೂ ಒಟ್ಟಿಗೆ ಬಿಡೋದಕ್ಕೆ ಒಳ್ಳೇ ಕಾರಣ ಇದೆ. ಹೊಂಡವನ್ನ ಮೂರು ಮಹಡಿ ಮನೆ ಅಂದ್ಕೊಳ್ಳಿ. ಕಾಟ್ಲಾ ಮೇಲಿನ ಮಹಡಿಯಲ್ಲಿ, ನೀರಲ್ಲಿ ತೇಲೋ ಸೂಕ್ಷ್ಮ ಪ್ರಾಣಿಗಳನ್ನ ತಿನ್ನುತ್ತೆ. ಅದರ ಬಾಯಿ ಮೇಲ್ಮುಖವಾಗಿರುತ್ತೆ, ನೋಡಿದ ತಕ್ಷಣ ಗೊತ್ತಾಗುತ್ತೆ. ರೋಹು ನಡುವಿನ ಮಹಡಿ. ಮೃಗಾಲ್ ನೆಲ ಮಹಡಿ, ತಳದಲ್ಲಿ ಕೂತ ಕೊಳೆತ ಎಲೆ, ಗಸಿ ಎಲ್ಲ ಅದರ ಪಾಲು. ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕೋದು ಕಡಿಮೆ. ಹತ್ತಕ್ಕೆ ನಾಲ್ಕು ಕಾಟ್ಲಾ, ಮೂರು ರೋಹು, ಮೂರು ಮೃಗಾಲ್ ಅನ್ನೋದು ರೂಢಿಯ ಪ್ರಮಾಣ. 220ಕ್ಕೆ 88, 66, 66.

ಇವುಗಳ ಜೊತೆ ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಬೆಳ್ಳಿಗೆಂಡೆ ಕೂಡ ಸೇರಿಸೋರಿದ್ದಾರೆ. ಹುಲ್ಲುಗೆಂಡೆ ಹೆಸರಿನಂತೆ ಹುಲ್ಲು, ಸೊಪ್ಪು ತಿಂದು ಬೆಳೆಯುತ್ತೆ. ಸಾಮಾನ್ಯ ಗೆಂಡೆ ಮಣ್ಣಿನ ಏರಿಯನ್ನ ಮೂತಿಯಿಂದ ಕೆದಕುತ್ತೆ, ಮಣ್ಣಿನ ಹೊಂಡ ಇದ್ದರೆ ಹುಷಾರು. ಆಫ್ರಿಕನ್ ಕ್ಯಾಟ್‌ಫಿಶ್ ಬೇಗ ಬೆಳೆಯುತ್ತೆ ಅಂತ ಯಾರಾದ್ರೂ ಆಸೆ ತೋರಿಸಿದರೆ ಬೇಡ ಅನ್ನಿ. ಅದು ಬೇರೆ ಮೀನನ್ನೆಲ್ಲ ತಿಂದು ಹಾಕುತ್ತೆ, ತಪ್ಪಿಸಿಕೊಂಡು ಕೆರೆ ಸೇರಿದರೆ ಅಲ್ಲಿನ ಮೀನಿಗೂ ಗಂಡಾಂತರ. ಕೇಂದ್ರ ಸರ್ಕಾರ ಅದರ ಸಾಕಣೆಯನ್ನ 2000ದಲ್ಲೇ ನಿಷೇಧಿಸಿದೆ.

ಇನ್ನೊಂದು ಪ್ರಶ್ನೆ ನಮ್ಮ ಕಂಪ್ಯೂಟರ್ ಸೈನ್ಸ್ ಗೆಳೆಯ ಕೇಳಿದ್ದು: "ಒಂದು ಸಲ ಬಿಟ್ಟರೆ ಅವೇ ಮರಿ ಹಾಕ್ಕೊಳಲ್ವಾ?" ಕಾಟ್ಲಾ, ರೋಹು, ಮೃಗಾಲ್ ಹಾಕಲ್ಲ. ಇವು ನದಿ ಮೀನು. ಮಳೆಗಾಲದಲ್ಲಿ ಹರಿಯೋ ಪ್ರವಾಹದ ನೀರು ಸಿಕ್ಕರೆ ಮಾತ್ರ ಮೊಟ್ಟೆ ಇಡ್ತವೆ, ನಿಂತ ನೀರಲ್ಲಿ ಇಡಲ್ಲ. ಮೊದಲೆಲ್ಲಾ ನದಿಯಿಂದಲೇ ಮರಿ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅನ್ನೋ ವಿಜ್ಞಾನಿ ಮತ್ತವರ ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸಾರವನ್ನ ಇಂಜೆಕ್ಷನ್ ಕೊಟ್ಟು ಈ ಮೀನುಗಳಿಂದ ಮೊಟ್ಟೆ ಇಡಿಸಿದರು. ಇವತ್ತು ಸರ್ಕಾರಿ ಮೀನುಮರಿ ಕೇಂದ್ರಗಳಿಂದ ಕವರಿನಲ್ಲಿ ಮರಿ ಸಿಗುತ್ತಿರೋದರ ಹಿಂದೆ ಆ ಕೆಲಸ ಇದೆ. ಜುಲೈ 10ನ್ನ ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಆಚರಿಸ್ತಾರೆ. ನಮ್ಮ ಮಟ್ಟಿಗೆ ಇದರ ಅರ್ಥ ಇಷ್ಟೆ: ಹೊಂಡದಲ್ಲಿ ಎಷ್ಟು ಮೀನು ಇರಬೇಕು ಅನ್ನೋದನ್ನ ನೀವೇ ತೀರ್ಮಾನ ಮಾಡ್ತೀರಿ. ತಪ್ಪಾದರೆ ಮೀನಿನ ಮೇಲೆ ಹಾಕೋ ಹಾಗಿಲ್ಲ.

ಮರಿ ಬಿಡೋದಕ್ಕೆ ಮೊದಲು

ಮಣ್ಣಿನ ಹೊಂಡವಾದರೆ ಬೇಸಿಗೆಯಲ್ಲಿ ತಳ ಬಿರುಕು ಬಿಡೋ ತನಕ ಒಣಗಿಸಿ, ಸುಣ್ಣ ಹಾಕಬೇಕು. ಹೆಕ್ಟೇರಿಗೆ 250 ಕೆಜಿ ಅಂದರೆ ನಮ್ಮ ಅಳತೆಗೆ 11 ಕೆಜಿ ಆಗುತ್ತೆ. ಹಳೇ ನೀರಲ್ಲಿ ಕೊರವದಂಥ ಮೀನು ಉಳಿದಿದ್ದರೆ ಮರಿಗಳು ಅದರ ತಿಂಡಿ ಆಗ್ತವೆ, ಮೊದಲೇ ಬಲೆ ಎಳೆದು ತೆಗೀಬೇಕು. ಆಮೇಲೆ ಸಗಣಿ. ಸಗಣಿ ಮೀನಿಗಲ್ಲ, ನೀರಿಗೆ. ಅದರ ಸಾರದಿಂದ ಹಸಿರು ಸೂಕ್ಷ್ಮ ಪಾಚಿ ಬೆಳೆಯುತ್ತೆ, ಪಾಚಿಯನ್ನ ಸೂಕ್ಷ್ಮ ಪ್ರಾಣಿ ತಿನ್ನುತ್ತೆ, ಅದನ್ನ ಕಾಟ್ಲಾ ತಿನ್ನುತ್ತೆ. ಪ್ಲಾಸ್ಟಿಕ್ ಹೊಂಡದಲ್ಲಿ ಮಣ್ಣು ಇಲ್ಲದ ಕಾರಣ ಈ ಸರಪಳಿ ತಾನಾಗಿ ಶುರುವಾಗಲ್ಲ. ಅದಕ್ಕೇ ತಳಕ್ಕೆ ಅರ್ಧ ಅಡಿಯಷ್ಟು ಒಳ್ಳೇ ಮಣ್ಣು ಹಾಕೋದು ರೂಢಿ.

ಮರಿಯ ಸೈಜ್ ಬಹಳ ಮುಖ್ಯ. ಎರಡು ಮೂರು ಸೆಂಟಿಮೀಟರ್ ಮರಿ ಅಗ್ಗ, ಆದರೆ ಹಾವು, ಕಪ್ಪೆ, ಹಕ್ಕಿ, ನೀರುಹುಳ ಎಲ್ಲಕ್ಕೂ ಅದು ಸುಲಭದ ತುತ್ತು. ಎಂಟು ಹತ್ತು ಸೆಂಟಿಮೀಟರ್ ಇರೋ ಬಲಿತ ಮರಿ ದುಬಾರಿ, ಆದರೆ ಉಳಿಯುತ್ತೆ. ಈ ಮೀನು ಒಂದು ಕೆಜಿ ಹತ್ತಿರ ಬರೋಕೆ ಹತ್ತು ಹನ್ನೆರಡು ತಿಂಗಳು ಬೇಕು. ಶಿರಾ ಕಡೆ ಹೊಂಡದಲ್ಲಿ ಅಷ್ಟು ದಿನ ನೀರೇ ನಿಲ್ಲಲ್ಲ. ಹಾಗಾಗಿ ನಮ್ಮಂಥ ಊರಿಗೆ ಬಲಿತ ಮರಿಯೇ ಸರಿ. ಇದೊಂದನ್ನ ನಾವು ಸರಿಯಾಗಿ ಮಾಡಿದ್ವಿ.

ಕವರ್ ತಂದ ತಕ್ಷಣ ಸುರೀಬಾರದು. ಕವರಿನ ನೀರಿಗೂ ಹೊಂಡದ ನೀರಿಗೂ ಬಿಸಿ ಬೇರೆ ಬೇರೆ ಇರುತ್ತೆ. ಕಟ್ಟಿದ ಕವರನ್ನ ಹಾಗೇ ಹದಿನೈದು ಇಪ್ಪತ್ತು ನಿಮಿಷ ನೀರಲ್ಲಿ ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚಿ ಹೊಂಡದ ನೀರನ್ನ ಸ್ವಲ್ಪ ಸ್ವಲ್ಪ ಸೇರಿಸಿ, ಮರಿಗಳು ತಾವಾಗಿ ಈಜಿ ಹೊರಗೆ ಹೋಗೋಕೆ ಬಿಡಬೇಕು. ಬೆಳಗ್ಗೆ ಅಥವಾ ಸಂಜೆ ತಂಪು ಹೊತ್ತಲ್ಲಿ.

ಆ ಬೆಳಗ್ಗೆ

ಆಗಸ್ಟ್‌ನಿಂದ ನವೆಂಬರ್ ತನಕ ಎಲ್ಲಾ ಚೆನ್ನಾಗೇ ಇತ್ತು. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮಸಮ ಸೇರಿಸಿ ಮೇವು. ದಿನಕ್ಕೆ ಎಷ್ಟು ಅಂತ ನಮ್ಮ ಶೀಟ್ ಹೇಳ್ತಿತ್ತು, ನಾವು ವಾಟ್ಸಾಪ್‌ನಲ್ಲಿ ಕಳಿಸ್ತಿದ್ವಿ, ಗೆಳೆಯನ ಅಪ್ಪ ತೂಗಿ ಹಾಕ್ತಿದ್ದರು. ನೀರು ಹಸಿರಾಗ್ತಾ ಬಂತು. ಫೋಟೋ ನೋಡಿ ನಾವು ಖುಷಿಪಟ್ವಿ, ಹಸಿರು ಅಂದ್ರೆ ಊಟ ಅಂತ ಓದಿದ್ದೆವಲ್ಲ.

ನವೆಂಬರ್ ಕೊನೆ ವಾರ ಸೈಕ್ಲೋನ್ ಮೋಡ. ಮೂರು ದಿನ ಸೂರ್ಯ ಕಾಣಲಿಲ್ಲ, ಜಿಟಿಜಿಟಿ ಮಳೆ. ನಾಲ್ಕನೇ ದಿನ ಬೆಳಗ್ಗೆ ಐದೂವರೆಗೆ ಗೆಳೆಯನ ಫೋನ್ ಬಡ್ಕೊಂತು. "ಲೋ ಮಗಾ, ಮೀನೆಲ್ಲಾ ಮೇಲ್ ಬಂದು ಬಾಯ್ ಬಾಯ್ ಬಿಡ್ತಾವಲ್ಲೋ." ನಮಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ನಾಲ್ಕು ಜನ ಹಾಸಿಗೆ ಮೇಲೆ ಕೂತು ಗೂಗಲ್ ಮಾಡ್ತಾ ಇದ್ದಾಗ ಅವರು ನಮ್ಮ ಉತ್ತರಕ್ಕೆ ಕಾಯದೆ ಹೊಂಡದ ಪಂಪ್ ಆನ್ ಮಾಡಿ, ಪೈಪನ್ನ ಎತ್ತಿ ಹಿಡಿದು, ಹೊಂಡದ ನೀರನ್ನ ಹೊಂಡಕ್ಕೇ ಚಿಮುಕಿಸೋಕೆ ಶುರುಮಾಡಿದ್ದರು. ಎತ್ತರದಿಂದ ಹನಿಹನಿಯಾಗಿ ಬೀಳೋ ನೀರು ಗಾಳಿಯಿಂದ ಆಕ್ಸಿಜನ್ ಎಳ್ಕೊಳ್ಳುತ್ತೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. "ಉಸಿರು ಕಟ್ಟಿದ ಹಾಗೆ ಕಾಣ್ತು, ಗಾಳಿ ಆಡಿಸಿದೆ" ಅಂದರು ಅಷ್ಟೆ. ಉಳಿದ ಮೀನು ಉಳಿದದ್ದು ಅದರಿಂದ.

ಭಾನುವಾರ ನಾವು ಹೋದಾಗ ಅವರು ಸತ್ತ ಮೀನನ್ನೆಲ್ಲ ಎಣಿಸಿ ತೆಂಗಿನ ಬುಡಕ್ಕೆ ಗುಂಡಿ ತೋಡಿ ಹೂತಿದ್ದರು. 612. ಒಂದಿಷ್ಟನ್ನ ತೂಗಿ ನೋಡಿದ್ದರು, ಸರಾಸರಿ 150 ಗ್ರಾಂ. ಒಂದು ಮಾತು ಬೈಯಲಿಲ್ಲ. "ಊಟ ಮಾಡ್ರಪ್ಪಾ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಆಕ್ಸಿಜನ್ ಕದ್ದವರು ಯಾರು?

ವಾಪಸ್ ಬಂದು ಈ ಸಲ ದುಡ್ಡಿನ ಶೀಟ್ ಬಿಟ್ಟು ಆಕ್ಸಿಜನ್ ಶೀಟ್ ಮಾಡಿದ್ವಿ. ಇದೇ ಈ ಲೇಖನದ ಮುಖ್ಯ ಭಾಗ, ಸ್ವಲ್ಪ ತಾಳ್ಮೆಯಿಂದ ಓದಿ.

ಹೊಂಡದ ಬದಿಗಳು ಇಳಿಜಾರು. ಮೇಲೆ 21 ಮೀಟರ್ ಇದ್ದರೆ ತಳದಲ್ಲಿ 15 ಮೀಟರ್. ಪ್ರಿಸ್ಮಾಯ್ಡಲ್ ಸೂತ್ರ ಹಾಕಿದರೆ ತುಂಬಿದ ಹೊಂಡದ ಗಾತ್ರ 981 ಘನ ಮೀಟರ್, ಅಂದ್ರೆ ಹತ್ತಿರ ಹತ್ತಿರ ಹತ್ತು ಲಕ್ಷ ಲೀಟರ್. ಇಷ್ಟು ನೀರಲ್ಲಿ ಆಕ್ಸಿಜನ್ ಎಷ್ಟಿರುತ್ತೆ? ನೀರು ಬಹಳ ಜಿಪುಣ. 30 ಡಿಗ್ರಿ ಬಿಸಿಯಲ್ಲಿ ಗಾಳಿಯಿಂದ ಅದು ಹಿಡ್ಕೊಳ್ಳೋದು ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಅಷ್ಟೆ. ನೀರು ಬಿಸಿಯಾದಷ್ಟೂ ಅದೂ ಕಡಿಮೆ. ಮೋಡದ ಆ ಸಂಜೆ ನಮ್ಮ ಹೊಂಡದಲ್ಲಿ 4 ಮಿಲಿಗ್ರಾಂ ಇತ್ತು ಅಂತ ಇಟ್ಕೊಳ್ಳೋಣ. ಹಾಗಾದ್ರೆ ಇಡೀ ಹೊಂಡದಲ್ಲಿ ಇದ್ದ ಆಕ್ಸಿಜನ್ ನಾಲ್ಕು ಕೆಜಿಗಿಂತ ಸ್ವಲ್ಪ ಕಡಿಮೆ. ಹತ್ತು ಲಕ್ಷ ಲೀಟರ್ ನೀರಿಗೆ ನಾಲ್ಕು ಕೆಜಿ!

ಈಗ ಖರ್ಚು. ಸಣ್ಣಪುಟ್ಟ ಸಾವು ಕಳೆದು 850 ಮೀನು ಇದ್ದವು ಅಂದ್ಕೊಂಡರೆ ಒಟ್ಟು ತೂಕ ಸುಮಾರು 130 ಕೆಜಿ. ಒಂದು ಕೆಜಿ ಮೀನು ಗಂಟೆಗೆ ಸುಮಾರು 300 ಮಿಲಿಗ್ರಾಂ ಆಕ್ಸಿಜನ್ ಬಳಸುತ್ತೆ ಅಂತ ಹಿಡಿದರೆ, 12 ಗಂಟೆ ರಾತ್ರಿಗೆ ಎಲ್ಲಾ ಮೀನು ಸೇರಿ ಬಳಸಿದ್ದು ಅರ್ಧ ಕೆಜಿಗಿಂತ ಕಡಿಮೆ. ನೂರಕ್ಕೆ 12 ಪಾಲು. ನಾವು ಶೀಟನ್ನ ಮೂರು ಸಲ ಚೆಕ್ ಮಾಡಿದ್ವಿ. ಮೀನು ಅರ್ಧ ಕೆಜಿ ಬಳಸಿದರೆ ಉಳಿದ ಮೂರೂವರೆ ಕೆಜಿ ಎಲ್ಲಿ ಹೋಯ್ತು?

ಉತ್ತರ: ನೀರೇ ಉಸಿರಾಡಿತ್ತು. ಹಸಿರು ಪಾಚಿ ಹಗಲು ಬಿಸಿಲಲ್ಲಿ ಆಕ್ಸಿಜನ್ ಕೊಡುತ್ತೆ, ಇದು ಎಲ್ಲರಿಗೂ ಗೊತ್ತು. ರಾತ್ರಿ ಅದೇ ಪಾಚಿ ಆಕ್ಸಿಜನ್ ತಗೊಳುತ್ತೆ, ಇದೂ ಪಿಯುಸಿಯಲ್ಲಿ ಓದಿದ್ದೇ, ನೆನಪಾಗಿದ್ದು ಮಾತ್ರ ಆಗ. ತಳದ ಗಸಿಯಲ್ಲಿ ಕೊಳೆಯೋ ಮೇವು, ಸಗಣಿ, ಸತ್ತ ಪಾಚಿ, ಇವನ್ನ ತಿನ್ನೋ ಬ್ಯಾಕ್ಟೀರಿಯಾ ಕೂಡ ಆಕ್ಸಿಜನ್ ತಗೊಳುತ್ತೆ, ಅದಕ್ಕೆ ಹಗಲು ರಾತ್ರಿ ಇಲ್ಲ. ಹಗಲು ಗಳಿಕೆ, ರಾತ್ರಿ ಖರ್ಚು. ಬಿಸಿಲಿದ್ದ ದಿನ ಖಾತೆ ಸರಿಹೋಗುತ್ತೆ. ಮೂರು ದಿನ ಮೋಡ ಬಂದರೆ ಗಳಿಕೆ ನಿಲ್ಲುತ್ತೆ, ಖರ್ಚು ನಿಲ್ಲಲ್ಲ. ಸೂರ್ಯ ಹುಟ್ಟೋ ಸ್ವಲ್ಪ ಮೊದಲು ಖಾತೆಯಲ್ಲಿ ಅತಿ ಕಡಿಮೆ ಇರುತ್ತೆ. ಫೋನ್ ಬಂದದ್ದು ಐದೂವರೆಗೆ.

ಹಾಗಾದರೆ ಖರ್ಚು ಅಷ್ಟು ಬೆಳೆಸಿದ್ದು ಯಾರು? ನಾವೇ. ನಮ್ಮ ಶೀಟ್ ಪ್ರಕಾರ ಸಾವಿರಕ್ಕೆ ಸಾವಿರವೂ ಬದುಕಿವೆ, ಒಂದೊಂದೂ 250 ಗ್ರಾಂ ಆಗಿದೆ, ತೂಕದ ನೂರಕ್ಕೆ 3 ಪಾಲು ಮೇವು ಅಂದ್ರೆ ದಿನಕ್ಕೆ 7.5 ಕೆಜಿ. ನಿಜವಾಗಿ ಬೇಕಿದ್ದದ್ದು 4 ಕೆಜಿ. ಉಳಿದ ಮೂರೂವರೆ ಕೆಜಿ ಪ್ರತಿದಿನ ತಳಕ್ಕೆ ಹೋಗಿ ಕೊಳೀತಿತ್ತು. ಒಂದು ಸಲವೂ ಮೀನು ಹಿಡಿದು ತೂಗಿ ನೋಡದೆ ನಾವು ಅಂದಾಜಿಗೆ ಮೇವು ಹೇಳಿದ್ವಿ. ಸಾವಿರ ಮರಿ ಬಿಟ್ಟಿದ್ದು ತಪ್ಪು ನಿಜ. ಆದರೆ ಅಷ್ಟು ಮೀನಿಗೆ ಅಂತ ಸುರಿದ ಮೇವೇ ಅವನ್ನ ಕೊಂದಿದ್ದು.

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದ ಫೋಟೋ ನಿಮಗೆ ನೆನಪಿರಬಹುದು. ಅಲ್ಲಿ ಕೆರೆಗೆ ಬಿದ್ದಿದ್ದು ಚರಂಡಿ ನೀರು, ಇಲ್ಲಿ ಹಿಂಡಿ ಮತ್ತು ಸಗಣಿ. ಕೊಳೆಯೋ ವಸ್ತು ಯಾವುದಾದರೇನು, ಅದು ತಗೊಳ್ಳೋದು ನೀರಿನ ಉಸಿರನ್ನೇ.

ಈಗ ನಾವು ಮಾಡ್ತಿರೋದು

ನೀರು ನೋಡೋದು. ಹಾಸ್ಟೆಲ್‌ನ ಹಳೇ ಸ್ಟೀಲ್ ತಟ್ಟೆಗೆ ಕಪ್ಪು ಬಿಳಿ ಬಣ್ಣ ಹೊಡೆದು, ನಡುವೆ ದಾರ ಕಟ್ಟಿ, ನೀರಲ್ಲಿ ಇಳಿಬಿಡ್ತೀವಿ. ಇದಕ್ಕೆ ಸೆಕ್ಕಿ ಡಿಸ್ಕ್ ಅಂತ ಹೆಸರು. ತಟ್ಟೆ 25ರಿಂದ 35 ಸೆಂಟಿಮೀಟರ್ ಆಳದಲ್ಲಿ ಮರೆಯಾದರೆ ಸರಿ. ಅದಕ್ಕಿಂತ ಮೇಲೇ ಮರೆಯಾದರೆ ಪಾಚಿ ಜಾಸ್ತಿ ಆಗಿದೆ, ಸಗಣಿ ನಿಲ್ಲಿಸಿ. ಅರವತ್ತು ಸೆಂಟಿಮೀಟರ್ ಆದಮೇಲೂ ಕಾಣ್ತಿದ್ದರೆ ನೀರಲ್ಲಿ ಊಟ ಇಲ್ಲ. ತಟ್ಟೆ ಇಲ್ಲದಿದ್ದರೆ ಮೊಣಕೈ ತನಕ ಕೈ ಮುಳುಗಿಸಿ, ಅಂಗೈ ಮಸುಕಾಗಿ ಮರೆಯಾಗ್ತಿದ್ದರೆ ಸಾಕು.

ಮೀನು ತೂಗೋದು. ಹದಿನೈದು ದಿನಕ್ಕೊಮ್ಮೆ ಬೀಸುಬಲೆಯಲ್ಲಿ ಹದಿನೈದು ಇಪ್ಪತ್ತು ಮೀನು ಹಿಡಿದು, ತೂಗಿ, ವಾಪಸ್ ಬಿಟ್ಟು, ಆ ತೂಕದ ಮೇಲೆ ಮೇವಿನ ಲೆಕ್ಕ. ಮೇವನ್ನ ಎರಚೋದು ಬಿಟ್ಟು, ತೂತು ಮಾಡಿದ ಚೀಲದಲ್ಲಿ ತುಂಬಿ ಕೋಲಿಗೆ ಕಟ್ಟಿ ಇಳಿಬಿಡ್ತೀವಿ. ಸಂಜೆ ಚೀಲದಲ್ಲಿ ಉಳಿದಿದ್ದರೆ ಮಾರನೇ ದಿನ ಕಡಿಮೆ. ಮೋಡ ಕವಿದ ದಿನ ಮೇವೇ ಇಲ್ಲ. ಒಂದು ದಿನ ಉಪವಾಸ ಇದ್ದರೆ ಮೀನು ಸಾಯಲ್ಲ.

ಬೆಳಗಿನ ಜಾವ ಹೊಂಡದ ಹತ್ತಿರ ಹೋಗೋದು. ಮೀನು ಮೇಲೆ ಬಂದು ಬಾಯಿ ಬಿಡ್ತಿದ್ದರೆ, ಅದರಲ್ಲೂ ದೊಡ್ಡವು ಮೊದಲು ಒದ್ದಾಡ್ತಿದ್ದರೆ, ಆಕ್ಸಿಜನ್ ಕಡಿಮೆ ಅಂತ ಅರ್ಥ. ತಕ್ಷಣ ಪಂಪ್. ಹೊತ್ತಿಲ್ಲದ ಹೊತ್ತಲ್ಲಿ, ದೊಡ್ಡದು ಚಿಕ್ಕದು ಅನ್ನದೆ ಎಲ್ಲವೂ ಸತ್ತರೆ ವಿಷದ ಅನುಮಾನ ಪಡಬೇಕು. ಪಕ್ಕದ ಹೊಲಕ್ಕೆ ಹೊಡೆದ ಔಷಧಿ ಮಳೆ ನೀರಲ್ಲಿ ಹರಿದು ಬಂದಿರಬಹುದು.

ಕೊನೆಯದು, ಆದರೆ ಮೊದಲು ಮಾಡಬೇಕಾದ್ದು. ಪ್ಲಾಸ್ಟಿಕ್ ಹೊಂಡದ ಬದಿ ಒದ್ದೆಯಾದರೆ ಗಾಜಿನ ಹಾಗೆ ಜಾರುತ್ತೆ. ಬಿದ್ದವರು ಈಜು ಬಂದರೂ ಹತ್ತೋಕೆ ಆಗಲ್ಲ, ಹಿಡ್ಕೊಳ್ಳೋಕೆ ಏನೂ ಇರಲ್ಲ. ಕೃಷಿ ಹೊಂಡದಲ್ಲಿ ಮಕ್ಕಳು ಮುಳುಗಿದ ಸುದ್ದಿ ನಮ್ಮ ಕಡೆಯ ಪೇಪರ್‌ಗಳಲ್ಲಿ ಪದೇ ಪದೇ ಬರುತ್ತೆ. ಮೀನು ಬಿಟ್ಟ ಮೇಲೆ ಹೊಂಡದ ಹತ್ತಿರ ಓಡಾಟ ಜಾಸ್ತಿ ಆಗುತ್ತೆ, ಪಕ್ಕದ ಮನೆ ಮಕ್ಕಳೂ ನೋಡೋಕೆ ಬರ್ತಾರೆ. ನಮ್ಮ ಎಕ್ಸೆಲ್ ಶೀಟಿನಲ್ಲಿ ಇದಕ್ಕೆ ಒಂದು ಕಾಲಂ ಕೂಡ ಇರಲಿಲ್ಲ. ಗೆಳೆಯನ ಅಮ್ಮ ಮೊದಲ ದಿನವೇ, "ಮೀನು ಆಮೇಲೆ, ಮೊದಲು ಹಗ್ಗ ಕಟ್ರೋ" ಅಂದಿದ್ದರು. ಈಗ ಹೊಂಡದ ಸುತ್ತ ಬೇಲಿ ಇದೆ, ಗೇಟಿಗೆ ಬೀಗ ಇದೆ. ನಾಲ್ಕೂ ಬದಿಯಲ್ಲಿ ಗಂಟು ಹಾಕಿದ ಹಗ್ಗ ತಳದ ತನಕ ಇಳಿದಿದೆ, ಗಾಳಿ ತುಂಬಿದ ಒಂದು ಲಾರಿ ಟ್ಯೂಬ್ ಸದಾ ದಡದಲ್ಲಿರುತ್ತೆ. ಒಬ್ಬರೇ ನೀರಿನ ಹತ್ತಿರ ಹೋಗೋ ಹಾಗಿಲ್ಲ. ಜಾವದಲ್ಲಿ ನೋಡೋರೂ ಬೇಲಿ ಆಚೆಯಿಂದಲೇ ಟಾರ್ಚ್ ಬಿಟ್ಟು ನೋಡ್ತಾರೆ.

ಉಳಿದದ್ದು

ಸತ್ತದ್ದನ್ನ ಕಳೆದರೆ ಹೊಂಡದಲ್ಲಿ ಇನ್ನೂರೈವತ್ತರ ಆಸುಪಾಸು ಮೀನು ಉಳಿದಿರಬೇಕು. ಇಲಾಖೆಯವರು ಮೊದಲೇ ಹೇಳಿದ್ದ ಸಂಖ್ಯೆ ಅದು. ನಾವು ಕೇಳಲಿಲ್ಲ, ಹೊಂಡ ತಾನೇ ಕಳೆದುಕೊಂಡು ಆ ಸಂಖ್ಯೆಗೆ ಬಂತು. ಹೋದ ವಾರ ಹದಿನೈದು ಮೀನು ಹಿಡಿದು ತೂಗಿದಾಗ ಸರಾಸರಿ 430 ಗ್ರಾಂ. ನೀರು ತೀರಾ ಇಳಿಯೋ ಮೊದಲು, ಯುಗಾದಿ ಕಳೆದ ಮೇಲೆ ಬಲೆ ಎಳೆಯೋದು ಅಂತ ತೀರ್ಮಾನ ಆಗಿದೆ. ಲಕ್ಷ ಬರಲ್ಲ. ಮರಿ ಮತ್ತು ಮೇವಿನ ದುಡ್ಡು ವಾಪಸ್ ಬಂದರೆ ನಮಗೆ ಅವರ ಮುಖ ನೋಡೋಕೆ ಆಗುತ್ತೆ.

ಗೆಳೆಯನ ಅಪ್ಪ ಈಗ ಒಂದು ನೋಟ್ ಬುಕ್ ಇಟ್ಟಿದ್ದಾರೆ. ಮೋಡ ಇತ್ತಾ ಬಿಸಿಲಿತ್ತಾ, ಚೀಲದಲ್ಲಿ ಮೇವು ಉಳೀತಾ, ತಟ್ಟೆ ಎಷ್ಟರಲ್ಲಿ ಮರೆಯಾಯ್ತು ಅಂತ ದಿನಾ ಒಂದು ಸಾಲು. ಮುಂದಿನ ವರ್ಷಕ್ಕೆ ಎಷ್ಟು ಮರಿ ಬಿಡೋಣ ಅಂತ ನಾವೇ ಅಂಜುತ್ತಾ ಕೇಳಿದ್ವಿ. ನೋಟ್ ಬುಕ್ ತಿರುವಿ ಹಾಕಿ, "ಇನ್ನೂರಿಪ್ಪತ್ತು. ಒಂದೂ ಜಾಸ್ತಿ ಬ್ಯಾಡ" ಅಂದರು. ನಮ್ಮ ಹೊಸ ಶೀಟಿನಲ್ಲೂ ಅಷ್ಟೇ ಬಂದಿದೆ.